ಮಕ್ಕಳೇ ಒಂದು ಕುಣಿತ ಕಟ್ಟಬೇಕೆಂದರೆ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಕೊಪ್ಪಳದ ವಿಜ್ಞಾನ ಶಿಕ್ಷಕಿ

ನಾನು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನೃತ್ಯ ಕಲಿತವಳಲ್ಲ. ಆದರೆ ಸಂಗೀತ, ನಾಟಕ, ನೃತ್ಯ ಯಾವುದಕ್ಕೂ ನಮ್ಮಲ್ಲಿ ಶಿಕ್ಷಕರಿಲ್ಲದ ಕಾರಣ ವಾರ್ಷಿಕೋತ್ಸವ ಬಂತೆಂದರೆ ಕುಣಿತದ ಹೊಣೆ ನನ್ನ ಹೆಗಲಿಗೇ ಬೀಳುತ್ತದೆ. ಪ್ರತಿ ವರ್ಷ ನಡೆಯುವುದು ಒಂದೇ. ಮಕ್ಕಳು ಒಂದು ಸಿನಿಮಾ ಹಾಡು ಆರಿಸುತ್ತಾರೆ, ಯಾರದೋ ಮೊಬೈಲ್‌ನಲ್ಲಿ ಅದರ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಾರೆ, ಹೆಜ್ಜೆಗಳನ್ನು ಹಾಗೆಯೇ ಮೈಗೆ ಇಳಿಸಿಕೊಳ್ಳುತ್ತಾರೆ. ಬೇಗ ಅನುಕರಿಸಬಲ್ಲ ಏಳೆಂಟು ಮಂದಿ ವೇದಿಕೆ ಹತ್ತುತ್ತಾರೆ, ಉಳಿದವರು ಕೆಳಗೆ ಕುಳಿತು ಚಪ್ಪಾಳೆ ತಟ್ಟುತ್ತಾರೆ. ಪ್ರತಿಭಾ ಕಾರಂಜಿಗೆ ಹೋಗುವವರೂ ಅದೇ ಏಳೆಂಟು ಮಂದಿ.

ನಮ್ಮ ಮಕ್ಕಳಲ್ಲಿ ಅರ್ಧದಷ್ಟು ಹತ್ತಿರದ ಎರಡು ಲಂಬಾಣಿ ತಾಂಡಾಗಳವರು. ಸುಗ್ಗಿ ಮುಗಿದ ಮೇಲೆ ತಂದೆತಾಯಿ ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜಿಯ ಬಳಿಯೋ ಹಾಸ್ಟೆಲಿನಲ್ಲೋ ಉಳಿಯುತ್ತಾರೆ. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ತರಗತಿಯಲ್ಲಿ ತಲೆ ಎತ್ತುವುದಿಲ್ಲ. ಬಿಸಿಯೂಟದ ಸಾಲಿನಲ್ಲಿ ನಿಂತಾಗ ಮಾತ್ರ ಸ್ಟೀಲಿನ ತಟ್ಟೆಯನ್ನು ಬೆರಳ ತುದಿಯಲ್ಲಿ ತಿರುಗಿಸುತ್ತಾಳೆ, ಅದು ಜಾರಿ ಬೀಳುವ ಕ್ಷಣದಲ್ಲಿ ಮೊಣಕೈಯಿಂದ ತಡೆಯುತ್ತಾಳೆ, ಮತ್ತೆ ಮೇಲಕ್ಕೆ ಚಿಮ್ಮುತ್ತಾಳೆ. ಭುಜ, ಸೊಂಟ, ಪಾದ ಎಲ್ಲವೂ ಆ ತಟ್ಟೆಯ ಹಿಂದೆಯೇ ಹೋಗುತ್ತವೆ. ಯಾವ ವಿಡಿಯೋದಲ್ಲೂ ಅದನ್ನು ನಾನು ನೋಡಿಲ್ಲ. ವಾರ್ಷಿಕೋತ್ಸವಕ್ಕೆ ಅವಳನ್ನು ಕರೆದರೆ, ‘ನನಗೆ ಡ್ಯಾನ್ಸ್ ಬರುವುದಿಲ್ಲ ಟೀಚರ್’ ಎನ್ನುತ್ತಾಳೆ.

ಈ ವರ್ಷ ಜುಲೈಯಿಂದ ಶನಿವಾರದ ತರಗತಿಗಳು ಮುಗಿದ ಮೇಲೆ ಎರಡು ಗಂಟೆ ಇಟ್ಟುಕೊಳ್ಳಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಹತ್ತನೆಯ ತರಗತಿಯ ಫಲಿತಾಂಶಕ್ಕೆ ತೊಂದರೆ ಆಗಬಾರದು ಎಂಬುದೊಂದೇ ಷರತ್ತು. ಇರುವುದು ಪ್ರಾರ್ಥನೆಯ ಬಯಲು, ಒಂದು ಬೇವಿನ ಮರ, ಒಂದು ಸಣ್ಣ ಸ್ಪೀಕರ್. ಹಣವಿಲ್ಲ. ಸುಮಾರು ನಲವತ್ತು ಮಕ್ಕಳು ಬರಬಹುದು. ಸಮುದಾಯ ನೃತ್ಯ ಎಂದು, ಅಂದರೆ ನೃತ್ಯ ಕಲಿಯದ ಸಾಮಾನ್ಯರೂ ಸೇರಿ ಕುಣಿತ ಕಟ್ಟುವುದು ಎಂದು, ಬೇರೆ ಬೇರೆ ಕಡೆ ನಡೆಯುತ್ತಿರುವ ಕೆಲಸದ ಬಗ್ಗೆ ಅಲ್ಲಲ್ಲಿ ಓದಿದ್ದೇನೆ. ನೃತ್ಯ ಬಾರದ ಶಿಕ್ಷಕಿ ಇದನ್ನು ನಡೆಸಬಹುದೇ? ನಡೆಸಬಹುದಾದರೆ ಮೊದಲ ದಿನ ಮಕ್ಕಳಿಗೆ ಏನು ಹೇಳಲಿ?

ಉತ್ತರ: ಮಾಳಮಡ್ಡಿಯವಳು, ಧಾರವಾಡ

ಆ ತಟ್ಟೆಯಿಂದ ಆರಂಭಿಸಿ. ಅವಳನ್ನು ಕುಣಿಯಲು ಕರೆಯಬೇಡಿ. ತಟ್ಟೆ ಬೀಳುವುದನ್ನು ಹೇಗೆ ತಡೆಯುತ್ತಾಳೆಂದು ಮೂವರಿಗೆ ಕಲಿಸಲು ಹೇಳಿ. ತಟ್ಟೆ ಕೈಯಲ್ಲಿರುವಾಗ ಒಮ್ಮೆ, ತಟ್ಟೆ ಇಲ್ಲದೆ ಒಮ್ಮೆ.

ನಾನು ರಂಗಭೂಮಿಯಿಂದ ಬಂದವಳು. ಧಾರವಾಡ, ಗದಗ, ಹಾವೇರಿ ಕಡೆಯ ಹಾಸ್ಟೆಲುಗಳಲ್ಲಿ, ಸರ್ಕಾರಿ ಶಾಲೆಗಳಲ್ಲಿ ಬಹಳ ವರ್ಷಗಳಿಂದ ಮಕ್ಕಳ ಜೊತೆ ಚಲನೆಯ ಕೆಲಸ ಮಾಡುತ್ತಿದ್ದೇನೆ. ನೃತ್ಯ ಬಾರದವರು ನಡೆಸಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ನಡೆಸಬಹುದು. ಹೆಜ್ಜೆ ಬಲ್ಲವರಿಗೆ ಅದನ್ನು ತೋರಿಸುವ ಆಸೆ ತಡೆಯಲಾಗುವುದಿಲ್ಲ. ಒಂದು ಹೆಜ್ಜೆ ತೋರಿಸಿದಿರೋ, ನಲವತ್ತು ಮಕ್ಕಳೂ ಅದನ್ನು ನಕಲು ಮಾಡುತ್ತಾರೆ, ಯಾರಿಗೆ ಬರುತ್ತದೆ ಯಾರಿಗೆ ಬರುವುದಿಲ್ಲ ಎಂಬ ತೀರ್ಪು ಒಂದೇ ನಿಮಿಷದಲ್ಲಿ ಹೊರಬೀಳುತ್ತದೆ, ನಿಮ್ಮ ಹುಡುಗಿ ಮತ್ತೆ ಹಿಂದಿನ ಸಾಲಿಗೆ ಹೋಗಿ ನಿಲ್ಲುತ್ತಾಳೆ.

ಹಾಗೆಂದು ‘ನಿಮಗೆ ಇಷ್ಟ ಬಂದಂತೆ ಕುಣಿಯಿರಿ’ ಎಂದೂ ಹೇಳಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಸೃಜನಶೀಲತೆ ಎಂದ ಕೂಡಲೇ ನಮ್ಮ ಶಿಬಿರಗಳಲ್ಲಿ ಮೊದಲು ಕೇಳಿಬರುವ ಮಾತು ಇದೇ. ಹೀಗೆ ಹೇಳಿದಾಗ ಧೈರ್ಯವಿರುವವರು ಸಿನಿಮಾ ಹೆಜ್ಜೆಗಳನ್ನೇ ಹೊರತೆಗೆಯುತ್ತಾರೆ, ಇಲ್ಲದವರು ನಾಚಿ ನಿಲ್ಲುತ್ತಾರೆ. ಮಕ್ಕಳಿಗೆ ಬೇಕಾದದ್ದು ಮಿತಿಯುಳ್ಳ, ಸ್ಪಷ್ಟವಾದ ಒಂದು ಕೆಲಸ.

ನಾನು ಕೊಡುವ ಮೊದಲ ಕೆಲಸ ಇದು: ಮನೆಯಲ್ಲಿ ನಿಮ್ಮ ಕೈ ಅತಿ ಹೆಚ್ಚು ಸಲ ಮಾಡುವ ಕೆಲಸ ಯಾವುದೋ ಅದನ್ನು ತನ್ನಿ. ವಸ್ತು ಬೇಡ, ಚಲನೆ ಮಾತ್ರ. ಸಂಗೀತ ಬೇಡ. ರೊಟ್ಟಿ ಬಡಿಯುವುದು, ಬಟ್ಟೆ ಹಿಂಡುವುದು, ಕೌದಿ ಕೊಡವುವುದು, ಕಟ್ಟಿಗೆ ಒಡೆಯುವುದು, ಎಮ್ಮೆಯ ಮೈ ತಿಕ್ಕುವುದು ಎಲ್ಲವೂ ಬರುತ್ತವೆ. ರುಡಾಲ್ಫ್ ಲಾಬಾನ್ ಎಂಬ ನೃತ್ಯ ಚಿಂತಕ ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳಿಗೆ ಹೋಗಿ ಕೆಲಸಗಾರರ ಮೈ ಹೇಗೆ ಚಲಿಸುತ್ತದೆ ಎಂದು ಗಮನಿಸಿದ. ಯಾವುದೇ ಚಲನೆಯನ್ನು ಅದರ ಭಾರ, ಕಾಲ, ದಿಕ್ಕು, ಹರಿವು ಇವುಗಳಿಂದ ಗುರುತಿಸಬಹುದು ಎಂಬುದು ಅವನ ಕಾಣ್ಕೆ. ಗುದ್ದುವುದು, ಒತ್ತುವುದು, ಬೀಸುವುದು, ಹಿಂಡುವುದು, ತಟ್ಟುವುದು, ಕೊಡವುವುದು, ಜಾರುವುದು, ತೇಲುವುದು ಎಂದು ಎಂಟು ಮೂಲ ಚಲನೆಗಳನ್ನು ಅವನು ಹೆಸರಿಸಿದ. 1948ರಲ್ಲಿ ಶಾಲೆಗಳ ನೃತ್ಯಶಿಕ್ಷಣಕ್ಕಾಗಿಯೇ ಪುಸ್ತಕ ಬರೆದ. ಬ್ರಿಟನ್ನಿನ ಶಾಲೆಗಳಲ್ಲಿ ನೃತ್ಯಪಾಠ ಬೆಳೆದದ್ದು ಬಹುಮಟ್ಟಿಗೆ ಅದರ ಮೇಲೆ. ನಿಮ್ಮ ತಾಂಡಾದ ಒಂದು ಬೆಳಗಿನಲ್ಲಿ ಈ ಎಂಟರಲ್ಲಿ ಆರಾದರೂ ಕಾಣಸಿಗುತ್ತವೆ. ನೀವು ವಿಜ್ಞಾನ ಕಲಿಸುವವರು. ಭಾರ, ವೇಗ, ದಿಕ್ಕು ಎಂದರೆ ಮಕ್ಕಳಿಗೆ ಹೇಗೆ ಅರ್ಥ ಮಾಡಿಸಬೇಕೆಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಚಲನೆ ಸಿಕ್ಕ ಮೇಲೆ ಅದನ್ನು ಕೆಡವಿ ಕಟ್ಟಲು ಬಿಡಿ. ಕೈಯಿಂದ ಮಾಡಿದ್ದನ್ನು ಬೆನ್ನಿನಿಂದ ಮಾಡಲಿ. ತೀರ ನಿಧಾನವಾಗಿ ಮಾಡಲಿ. ನೆಲಕ್ಕೆ ಕುಳಿತು ಮಾಡಲಿ. ಕೊನೆಯಿಂದ ಮೊದಲಿಗೆ ಹಿಮ್ಮುಖವಾಗಿ ಮಾಡಲಿ. ಹಿಂಡಿದ ಬಟ್ಟೆ ಮತ್ತೆ ನೀರು ಕುಡಿಯಲಿ. ಆಮೇಲೆ ಪಕ್ಕದವರಿಗೆ ಕಲಿಸಲಿ. ಪಕ್ಕದವರು ಕೂದಲೆಳೆಯಷ್ಟೂ ತಪ್ಪದೆ ಕಲಿಯಬೇಕು. ಇಲ್ಲಿ ಸಡಿಲ ಬಿಡಬೇಡಿ. ಇಷ್ಟು ದಿನ ಇನ್ನೊಬ್ಬರನ್ನು ನಕಲು ಮಾಡುತ್ತಿದ್ದ ಮಗುವಿನ ಚಲನೆಯನ್ನು ಈಗ ಇನ್ನೊಂದು ಮಗು ಗಮನವಿಟ್ಟು ಕಲಿಯುತ್ತಿದೆ. ತನ್ನಿಂದ ಹೊರಟದ್ದಕ್ಕೆ ಇಷ್ಟು ಬೆಲೆಯುಂಟು ಎಂದು ಮಗುವಿನ ಮೈಗೆ ಗೊತ್ತಾಗುವುದು ಹೀಗೆ. ನಾವು ಹೊಗಳುವುದರಿಂದ ಅದು ಆಗುವುದಿಲ್ಲ.

ಮೂರು ನಾಲ್ಕು ವಾರಗಳ ಮೇಲೆ ನಾಲ್ವರ ಗುಂಪು ಮಾಡಿ. ನಾಲ್ಕು ಚಲನೆ ಸೇರಿಸಿ ಒಂದು ತುಂಡು ಕಟ್ಟಲಿ, ಕಟ್ಟಿದ ಮೇಲೆ ಒಂದನ್ನು ಕೈಬಿಡಲಿ. ಯಾವುದನ್ನು ಬಿಡಬೇಕು ಎಂಬುದಕ್ಕೆ ಜಗಳ ಆಗುತ್ತದೆ. ನೀವು ತೀರ್ಮಾನ ಕೊಡಬೇಡಿ, ‘ಏಕೆ?’ ಎಂದಷ್ಟೇ ಕೇಳಿ. ನೋಡುವ ಗುಂಪಿಗೂ ಕೆಲಸ ಕೊಡಿ. ‘ಚೆನ್ನಾಗಿತ್ತು’ ಎನ್ನುವಂತಿಲ್ಲ, ಕಂಡದ್ದನ್ನು ಹೇಳಬೇಕು: ಮೂವರು ನೆಲದ ಮೇಲಿದ್ದಾಗ ಒಬ್ಬಳು ಮಾತ್ರ ನಿಂತಿದ್ದಳು, ನಾನು ಅವಳನ್ನೇ ನೋಡಿದೆ, ಎಂಬಂತೆ.

ಗದಗದ ಕಡೆಯ ಒಂದು ಹಾಸ್ಟೆಲಿನಲ್ಲಿ, ರಜೆಯಲ್ಲಿ ಖಾನಾವಳಿಯಲ್ಲಿ ದುಡಿಯುತ್ತಿದ್ದ ಹುಡುಗನೊಬ್ಬ ಮೇಜು ಒರೆಸುವ ಚಲನೆ ತಂದಿದ್ದ. ಅವನ ಗುಂಪು ಅದನ್ನು ಬೇಡವೆಂದಿತು. ತೋಳನ್ನು ಪೂರ್ತಿ ಚಾಚಿ, ಮೇಜು ಬಯಲಿನಷ್ಟು ದೊಡ್ಡದಿದೆ ಎಂದುಕೊಂಡು ಒರೆಸಲು ಹೇಳಿದೆ. ಅವನು ಓಡುತ್ತಾ ಒರೆಸಿದ, ತಿರುಗುವಾಗ ಇಡೀ ಮೈ ವಾಲಿತು. ಗುಂಪಿನವರು ತಾವಾಗಿಯೇ ಹಿಂದೆ ಸೇರಿಕೊಂಡರು. ಮುಂದಿನ ವಾರ ಅದೇ ಹುಡುಗ ಬಂದು, ಎಲ್ಲರೂ ಒಟ್ಟಿಗೆ ಮಾಡಿದರೆ ಏನೂ ಕಾಣುವುದಿಲ್ಲ, ಒಬ್ಬರ ಬೆನ್ನಿಗೆ ಒಬ್ಬರು ಸರದಿಯಲ್ಲಿ ಬರಬೇಕು ಎಂದು ಸಾಲು ನಿಲ್ಲಿಸತೊಡಗಿದ. ನೃತ್ಯ ಸಂಯೋಜಕರು ಮಾಡುವ ಕೆಲಸವೂ ಅದೇ. ಯಾರೂ ಅದನ್ನು ಅವನಿಗೆ ಹೇಳಿಕೊಟ್ಟಿರಲಿಲ್ಲ.

ಹೊರಗಿನ ಉದಾಹರಣೆಗಳ ಬಗ್ಗೆ ಓದಿದ್ದೇನೆ ಎಂದಿರಿ. ಹೆಚ್ಚಿನವರು ಹೇಳುವುದು ಬರ್ಲಿನ್ ಕಥೆಯನ್ನು. 2003ರಲ್ಲಿ ಬರ್ಲಿನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ, ನಿರ್ದೇಶಕ ಸೈಮನ್ ರ್‍ಯಾಟಲ್, ಬ್ರಿಟಿಷ್ ನೃತ್ಯ ಸಂಯೋಜಕ ರಾಯ್‌ಸ್ಟನ್ ಮಾಲ್ಡೂಮ್ ಸೇರಿ ನಗರದ ಶಾಲೆಗಳ ಸುಮಾರು 250 ಮಕ್ಕಳನ್ನು ರಷ್ಯಾ ಮೂಲದ ಸಂಗೀತ ರಚನಕಾರ ಸ್ಟ್ರಾವಿನ್‌ಸ್ಕಿಯ ಸಂಗೀತಕ್ಕೆ ಕುಣಿಸಿದರು. ಹಳೆಯ ಬಸ್ ಡಿಪೋ ಒಂದರಲ್ಲಿ ಪ್ರದರ್ಶನ ನಡೆಯಿತು. ವಲಸೆ ಬಂದ ಕುಟುಂಬಗಳ ಮಕ್ಕಳು ಅದರಲ್ಲಿ ಬಹಳ ಇದ್ದರು. ಮುಂದಿನ ವರ್ಷ ಬಂದ ಸಾಕ್ಷ್ಯಚಿತ್ರದಿಂದ ಆ ಯೋಜನೆ ಜಗತ್ತಿಗೆಲ್ಲ ಗೊತ್ತಾಯಿತು. ಮಾಲ್ಡೂಮ್ ಅವರಿಂದ ನಾನು ತೆಗೆದುಕೊಂಡದ್ದು ಅವರ ಶಿಸ್ತು. ಮಾತಿಲ್ಲದೆ, ಅಲುಗಾಡದೆ ನಿಲ್ಲುವುದನ್ನು ಅವರು ಮಕ್ಕಳಿಂದ ಕೇಳಿ ಪಡೆದರು. ಬಡ ಮಕ್ಕಳು ಎಂಬ ಕಾರಣಕ್ಕೆ ಅಳತೆಗೋಲನ್ನು ಕೆಳಗಿಳಿಸಲಿಲ್ಲ. ಆದರೆ ಅಲ್ಲಿ ಸಂಯೋಜನೆ ದೊಡ್ಡವರದು. ನಿಮ್ಮ ಉದ್ದೇಶಕ್ಕೆ ಅದಕ್ಕಿಂತ ಹಿಂದಿನ ಇಥಿಯೋಪಿಯಾದ ಕೆಲಸ ಹತ್ತಿರವಾದದ್ದು. 1996ರಲ್ಲಿ ಅಡಿಸ್ ಅಬಾಬಾದ ಬೀದಿಗಳಲ್ಲಿ ಬದುಕುತ್ತಿದ್ದ ಸುಮಾರು ನೂರು ಮಕ್ಕಳೊಂದಿಗೆ ಅದೇ ಮಾಲ್ಡೂಮ್ ಒಂದು ಪ್ರದರ್ಶನ ಕಟ್ಟಿದರು. ಅದರಲ್ಲಿ ಕೆಲವರು ಮುಂದೆ ವರ್ಷಗಟ್ಟಲೆ ತರಬೇತಿ ಪಡೆದು ಅದುಗ್ನಾ ಎಂಬ ತಂಡವಾದರು, ತಾವೇ ಸಂಯೋಜಿಸಿದರು, ಬೇರೆ ಮಕ್ಕಳಿಗೆ ಕಲಿಸಿದರು. ನಮ್ಮ ದೇಶದಲ್ಲಿ ಕೋಲ್ಕತ್ತಾ ಸಂವೇದ್ ಸಂಸ್ಥೆ ಇದೆ. ಸೋಹಿನಿ ಚಕ್ರವರ್ತಿ 2004ರಲ್ಲಿ ಕಟ್ಟಿದ್ದು. ಮಾನವ ಕಳ್ಳಸಾಗಣೆಯ ಜಾಲದಿಂದ ಹೊರಬಂದ ಹುಡುಗಿಯರೇ ಅಲ್ಲಿ ತರಬೇತಿ ಪಡೆದು ನೃತ್ಯ ಚಿಕಿತ್ಸೆಯ ಶಿಕ್ಷಕಿಯರಾಗಿದ್ದಾರೆ. ಕಲಿತವರು ಕಲಿಸುವವರಾಗುವ ಯೋಜನೆಗಳ ಮೇಲೆ ನನಗೆ ಹೆಚ್ಚು ನಂಬಿಕೆ. ನಿಮ್ಮ ಒಂಬತ್ತನೆಯ ತರಗತಿಯವರು ಮುಂದಿನ ಜುಲೈಯಲ್ಲಿ ಎಂಟನೆಯವರನ್ನು ನಡೆಸಬಲ್ಲರೇ ಎಂಬುದನ್ನು ಮೊದಲ ದಿನದಿಂದಲೇ ಮನಸ್ಸಿನಲ್ಲಿಟ್ಟುಕೊಳ್ಳಿ.

ಉತ್ತರ: ಬ್ರಹ್ಮಾವರದ ಚಂಡೆಪ್ರಿಯ

ಮೇಲಿನವರ ಬರಹದಲ್ಲಿ ಬಹಳಷ್ಟನ್ನು ಒಪ್ಪುತ್ತೇನೆ. ಹೆಜ್ಜೆ ತೋರಿಸಲೇಬಾರದು ಎಂಬುದನ್ನು ಒಪ್ಪುವುದಿಲ್ಲ.

ನಮ್ಮ ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಿಗೆ ಯಕ್ಷಗಾನ ಗುರುಗಳನ್ನು ಕಳಿಸುತ್ತಿದೆ. ಮಕ್ಕಳು ತಿಂಗಳುಗಟ್ಟಲೆ ಕಲಿತು ಕೊನೆಗೆ ಬಣ್ಣ ಹಚ್ಚಿ, ವೇಷ ಕಟ್ಟಿ ಸಾರ್ವಜನಿಕರ ಮುಂದೆ ಪೂರ್ಣ ಪ್ರಸಂಗ ಆಡುತ್ತಾರೆ. ನಾನು ಒಂದು ಶಾಲೆಯಲ್ಲಿ ಹಿಮ್ಮೇಳದ ಅಭ್ಯಾಸಕ್ಕೆ ನೆರವಾಗುತ್ತೇನೆ, ಆದ್ದರಿಂದ ಹತ್ತಿರದಿಂದ ನೋಡಿ ಹೇಳುತ್ತಿದ್ದೇನೆ. ಅಲ್ಲಿ ಹೆಜ್ಜೆಯನ್ನು ಗುರು ತೋರಿಸಲೇಬೇಕು. ಏಕತಾಳದ ಹೆಜ್ಜೆ, ಆದಿತಾಳದ ಹೆಜ್ಜೆ, ಪ್ರವೇಶದ ಕುಣಿತ, ಯುದ್ಧದ ಕುಣಿತ ಇವನ್ನು ಮಕ್ಕಳು ತಾವಾಗಿ ಕಂಡುಹಿಡಿಯಲಾರರು. ಮೊದಲ ಕೆಲವು ತಿಂಗಳು ಬರೀ ಅನುಕರಣೆಯೇ. ಅದರಿಂದ ಅವರ ಕಲ್ಪನೆ ಸಾಯುತ್ತದೆಯೇ? ನಾನು ಕಂಡದ್ದು ಬೇರೆ.

ಯಕ್ಷಗಾನದಲ್ಲಿ ಭಾಗವತರು ಹಾಡುವ ಪದ್ಯ ಪ್ರಸಂಗದಲ್ಲಿ ಇದ್ದಂತೆ ಇರುತ್ತದೆ. ಆ ಪದ್ಯದ ಮೇಲೆ ಆಡುವ ಮಾತು, ಅಂದರೆ ಅರ್ಥ, ಪಾತ್ರಧಾರಿಯದು. ಮಕ್ಕಳಿಗೆ ಆರಂಭದಲ್ಲಿ ಮಾತನ್ನೂ ಬರೆದುಕೊಡುತ್ತಾರೆ. ತಾಳ ಮೈಗೆ ಹತ್ತಿದ ಮೇಲೆ, ಕಾಲಿನ ಚಿಂತೆ ಹೋದ ಮೇಲೆ, ಕೆಲವು ಮಕ್ಕಳು ಬರೆದುಕೊಟ್ಟ ಮಾತನ್ನು ಬಿಟ್ಟು ತಮ್ಮದನ್ನು ಆಡತೊಡಗುತ್ತಾರೆ. ನಿಮ್ಮ ಕಡೆಯಿಂದ ಕೂಲಿಗೆಂದು ಇಲ್ಲಿಗೆ ಬಂದ ಕುಟುಂಬದ ಹುಡುಗಿಯೊಬ್ಬಳು ಅಭಿಮನ್ಯುವಿನ ವೇಷ ಮಾಡಿದ್ದಳು. ಚಕ್ರವ್ಯೂಹಕ್ಕೆ ಹೊರಡುವ ಮೊದಲು ತಾಯಿ ಸುಭದ್ರೆಯ ಎದುರು ಆಡುವ ಮಾತಿನಲ್ಲಿ, ಕೆಲಸಕ್ಕೆ ದೂರ ಹೋಗುವ ಹಿರಿಯರನ್ನು ಮಕ್ಕಳು ಯಾವತ್ತೂ ತಡೆದಿಲ್ಲ, ಈಗ ಮಗ ಹೊರಟಿದ್ದಾನೆ, ನೀನೂ ತಡೆಯಬೇಡ ಎಂಬ ಅರ್ಥ ಬರುವಂತೆ ತಾನೇ ಕಟ್ಟಿ ಆಡಿದಳು. ಗುರುಗಳು ಅದನ್ನು ತಿದ್ದಲಿಲ್ಲ, ಪ್ರದರ್ಶನದಲ್ಲಿ ಹಾಗೆಯೇ ಉಳಿಸಿದರು. ಎದುರಿಗೆ ಅವಳ ತಾಯಿ ಕುಳಿತಿದ್ದರು.

ಆ ಹುಡುಗಿಗೆ ಮಾತು ಹುಟ್ಟಿದ್ದು ಹೆಜ್ಜೆ ಗಟ್ಟಿಯಾದ ಮೇಲೆ. ಶಿವರಾಮ ಕಾರಂತರು ಯಕ್ಷಗಾನದಲ್ಲಿ ಮಾತನ್ನು ಕಡಿಮೆ ಮಾಡಿ, ಕುಣಿತವನ್ನು ಮುಂದಕ್ಕೆ ತಂದು, ಪಿಟೀಲು, ಸ್ಯಾಕ್ಸೋಫೋನ್ ಸೇರಿಸಿದಾಗ ಇಲ್ಲಿ ದೊಡ್ಡ ವಾದವೇ ನಡೆಯಿತು. ಆ ಪ್ರಯೋಗ ಮಾಡಲು ಅವರಿಗೆ ಸಾಧ್ಯವಾದದ್ದು ಹಳೆಯ ಹೆಜ್ಜೆಗಳನ್ನು ಅವರು ಹುಡುಕಿ, ಕಲಿತು, ಬರೆದಿಟ್ಟಿದ್ದರಿಂದ. ಪುತ್ತೂರಿನ ಬಾಲವನದಲ್ಲಿ ಮಕ್ಕಳ ನಡುವೆ ಆಟ, ನಾಟಕ, ಕುಣಿತಗಳ ಪ್ರಯೋಗ ಮಾಡಿದವರೂ ಅವರೇ ಎಂಬುದನ್ನು ಇಲ್ಲಿ ನೆನಪಿಸಬೇಕು.

ನಿಮ್ಮ ತಾಂಡಾಗಳಲ್ಲಿ ಅಜ್ಜಿಯರಿದ್ದಾರೆ. ವೃತ್ತದಲ್ಲಿ ಬಾಗಿ ಎದ್ದು ಚಪ್ಪಾಳೆ ತಟ್ಟುತ್ತಾ ಹಾಡುವ ಲಂಬಾಣಿ ಕುಣಿತ ಅವರ ಮೈಯಲ್ಲಿದೆ. ಊರಿನಲ್ಲಿ ಡೊಳ್ಳಿನವರೂ ಇರುತ್ತಾರೆ. ಅವರನ್ನು ಬೇವಿನ ಮರದ ಕೆಳಗೆ ಗುರುಗಳಾಗಿ ಕೂರಿಸಿ. ಅವರು ತೋರಿಸಲಿ, ಮಕ್ಕಳು ಕಲಿಯಲಿ. ನಿಮ್ಮ ಊರಿನ ಕಲೆಯನ್ನು ಬದಿಗಿಟ್ಟು ಲಾಬಾನ್‌ನಿಂದ ಆರಂಭಿಸುವುದು ನನಗೆ ಸರಿಕಾಣುವುದಿಲ್ಲ.

ಕೊಪ್ಪಳದ ವಿಜ್ಞಾನ ಶಿಕ್ಷಕಿ

ಇಬ್ಬರಿಗೂ ವಂದನೆಗಳು. ಅಜ್ಜಿಯರ ವಿಷಯ ನನಗೆ ಹೊಳೆದೇ ಇರಲಿಲ್ಲ. ನಿನ್ನೆ ತಾಂಡಾಕ್ಕೆ ಹೋಗಿ ಮಾತನಾಡಿದೆ. ಇಬ್ಬರು ಬರಲು ಒಪ್ಪಿದ್ದಾರೆ. ಆದರೆ ಅಲ್ಲಿಯೇ ಎರಡು ಅಡಚಣೆಗಳೂ ಎದುರಾದವು. ಹೆಣ್ಣುಮಕ್ಕಳು ಹುಡುಗರ ಜೊತೆ ಕುಣಿಯುವುದು ಕೆಲವು ತಾಯಂದಿರಿಗೆ ಇಷ್ಟವಿಲ್ಲ. ಹಿಂದೊಮ್ಮೆ ವಾರ್ಷಿಕೋತ್ಸವದಲ್ಲಿ ಯಾರೋ ತೆಗೆದ ವಿಡಿಯೋ ಊರೆಲ್ಲ ಹರಿದಾಡಿತ್ತಂತೆ, ಆ ಹುಡುಗಿಯನ್ನು ಶಾಲೆ ಬಿಡಿಸುವವರೆಗೆ ಮಾತು ಹೋಗಿತ್ತಂತೆ. ಇನ್ನು ನಮ್ಮ ದೊಡ್ಡ ಹುಡುಗರು. ಗಣಪತಿ ಮೆರವಣಿಗೆಯಲ್ಲಿ ಮೈಮರೆತು ಕುಣಿಯುವವರು ಶಾಲೆಯಲ್ಲಿ ಕುಣಿತವೆಂದರೆ ಹುಡುಗಿಯರ ಕೆಲಸ ಎನ್ನುತ್ತಾರೆ. ಇವರನ್ನೆಲ್ಲ ಹೇಗೆ ಒಟ್ಟಿಗೆ ತರಲಿ?

ಉತ್ತರ: ಬೆಳಕಿನ ಹುಡುಗ, ಹುಬ್ಬಳ್ಳಿ

ಹುಡುಗರ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ನಾನು ಅಂಥ ಒಬ್ಬ ಹುಡುಗನಾಗಿದ್ದೆ.

ಹಾಸ್ಟೆಲಿನಲ್ಲಿದ್ದಾಗ ಒಂದು ಸಂಸ್ಥೆಯವರು ಬಂದು ಕೆಲವು ತಿಂಗಳು ನಮ್ಮೊಂದಿಗೆ ನೃತ್ಯ ಮಾಡಿಸಿದರು. ನಾವು ಹಿಂದೆ ಕುಳಿತು ನಗುತ್ತಿದ್ದೆವು. ನಡೆಸಿಕೊಡುವವರು ಬೈಯಲಿಲ್ಲ. ನಮಗೆ ಬೇರೆಯೇ ಕೆಲಸ ಕೊಟ್ಟರು: ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕುಳಿತು, ಕೈ ಊರದೆ ಏಳಬೇಕು. ಎದ್ದ ಮೇಲೆ ಅದೇ ದಾರಿಯಲ್ಲಿ ಸದ್ದಾಗದಂತೆ ಕೂರಬೇಕು. ಕಬಡ್ಡಿ ಆಡುವ ನಮಗೆ ಅದು ಸವಾಲಾಗಿ ಕಂಡಿತು. ಬಿದ್ದೆವು, ಮತ್ತೆ ಮಾಡಿದೆವು. ಗೆಳೆಯನ ಭಾರವನ್ನು ಬೆನ್ನಿನ ಮೇಲೆ ತೆಗೆದುಕೊಂಡು ನಿಧಾನವಾಗಿ ನೆಲಕ್ಕಿಳಿಸಲು ಬಲವಿದ್ದರೆ ಸಾಲದು, ಅವನ ಉಸಿರು ಕೇಳಬೇಕು. ನಾವು ಕುಣಿಯುತ್ತಿದ್ದೇವೆ ಎಂದು ನಮಗೆ ತಿಳಿಯುವ ಹೊತ್ತಿಗೆ ನಗು ನಿಂತಿತ್ತು. ಆದ್ದರಿಂದ ಹುಡುಗರಿಗೆ ಕುಣಿತ ಎಂಬ ಹೆಸರನ್ನು ಮೊದಲೇ ಹೇಳಬೇಡಿ. ಭಾರ ಹೊರುವ, ಬೀಳುವ, ಹಿಡಿಯುವ ಕೆಲಸಗಳನ್ನು ಕೊಡಿ. ನೆಲಕ್ಕೆ ಜಮಖಾನೆ ಹಾಸಿ, ಬರಿಗಾಲಿನಲ್ಲಿ ಮಾಡಿಸಿ. ಪ್ರಾರ್ಥನೆಯ ಬಯಲಿನಲ್ಲಿ ಜಲ್ಲಿಕಲ್ಲು ಇದ್ದರೆ ಮೊದಲು ಮಕ್ಕಳಿಂದಲೇ ಆರಿಸಿ ತೆಗೆಸಿ.

ನಾನು ನರ್ತಕನಾಗಲಿಲ್ಲ. ಆ ಪ್ರದರ್ಶನಕ್ಕೆ ಬಂದ ಬೆಳಕಿನವರು ಏಣಿಯ ಮೇಲೆ ನಿಂತು ದೀಪ ತಿರುಗಿಸುವುದನ್ನು ನೋಡುತ್ತಾ, ಯಾರು ಎಲ್ಲಿ ನಿಂತರೆ ನೆರಳು ಎಲ್ಲಿ ಬೀಳುತ್ತದೆ ಎಂದು ನಾನೇ ಹೇಳತೊಡಗಿದೆ. ಈಗ ನಾಟಕಗಳಿಗೆ, ನೃತ್ಯಗಳಿಗೆ ಬೆಳಕು ಮಾಡುವುದೇ ನನ್ನ ವೃತ್ತಿ. ಜಾಗದಲ್ಲಿ ಮೈಗಳನ್ನು ಜೋಡಿಸುವ ಕಣ್ಣು ನನಗಿದೆ ಎಂದು ಗೊತ್ತಾದದ್ದು ಆ ತಿಂಗಳುಗಳಲ್ಲಿ. ನಿಮ್ಮ ನಲವತ್ತು ಮಕ್ಕಳಲ್ಲಿ ತಾಳ ಹಿಡಿಯುವವರು, ಹಾಡು ಕಟ್ಟುವವರು, ಎಲ್ಲವನ್ನೂ ಬರೆದಿಟ್ಟುಕೊಳ್ಳುವವರು ಇರುತ್ತಾರೆ. ಅವರಿಗೂ ಜಾಗ ಇರಲಿ.

ಒಂದು ನೋವಿನ ಮಾತನ್ನೂ ಹೇಳಬೇಕು. ದೊಡ್ಡ ಸಭಾಂಗಣದಲ್ಲಿ ಪ್ರದರ್ಶನ ಮುಗಿಯಿತು, ಫೋಟೋ ತೆಗೆದರು, ಊಟ ಹಾಕಿದರು. ಆಮೇಲೆ ಅವರು ಬರಲೇ ಇಲ್ಲ. ಅನುದಾನ ಮುಗಿದಿತ್ತೆಂದು ಬಹಳ ತಡವಾಗಿ ಗೊತ್ತಾಯಿತು. ನಾವು ಎಷ್ಟೋ ಶನಿವಾರ ಜಮಖಾನೆ ಹಾಸಿ ಕಾದೆವು. ಚಿಕ್ಕ ಹುಡುಗರು ನಾವು ಏನೋ ತಪ್ಪು ಮಾಡಿದೆವು ಅಂದುಕೊಂಡರು. ಅದಕ್ಕೇ ಕೇಳಿಕೊಳ್ಳುತ್ತೇನೆ, ಎಷ್ಟು ದಿನ ನಡೆಸುತ್ತೀರೆಂದು ಮೊದಲೇ ಹೇಳಿ. ನಿಮಗೆ ವರ್ಗಾವಣೆ ಆದರೆ ಯಾರು ಮುಂದುವರಿಸುತ್ತಾರೆ ಎಂಬುದನ್ನೂ ಈಗಲೇ ಯೋಚಿಸಿ.

ಉತ್ತರ: ಮಾಳಮಡ್ಡಿಯವಳು, ಧಾರವಾಡ

ಹುಬ್ಬಳ್ಳಿಯವರ ಮಾತನ್ನು ಇಂಥ ಕೆಲಸ ಮಾಡುವ ಪ್ರತಿಯೊಬ್ಬರೂ ಓದಬೇಕು. ಹಣ ಕೊಡುವವರಿಗೆ ಪ್ರದರ್ಶನ ಬೇಕು, ಮಕ್ಕಳಿಗೆ ಶನಿವಾರ ಬೇಕು. ನಿಮಗೆ ಹಣವಿಲ್ಲದಿರುವುದರಿಂದ ಯಾವ ದಾನಿಯ ದಿನಾಂಕಕ್ಕೂ ನೀವು ಓಡಬೇಕಾಗಿಲ್ಲ.

ಬ್ರಹ್ಮಾವರದವರಿಗೆ: ನೀವು ಹೇಳಿದ ಅಭಿಮನ್ಯುವಿನ ಮಾತು ಓದಿ ನನಗೆ ಬಹಳ ಸಂತೋಷವಾಯಿತು. ಅಜ್ಜಿಯರು ತೋರಿಸಬೇಕು ಎಂಬುದನ್ನು ಒಪ್ಪುತ್ತೇನೆ. ಆ ಕುಣಿತ ಮಕ್ಕಳ ಮನೆಯದು. ಅದನ್ನು ಕಲಿಯುವಾಗ ಹಾಡು, ಸಂದರ್ಭ, ಯಾರು ಯಾವಾಗ ಕುಣಿಯುತ್ತಾರೆ ಎಂಬುದೆಲ್ಲ ಜೊತೆಗೆ ಬರುತ್ತದೆ. ಮೊಬೈಲ್ ನೋಡಿ ಕಲಿತ ಹೆಜ್ಜೆಗೆ ಅದು ಯಾವುದೂ ಇಲ್ಲ. ನನ್ನ ಆಕ್ಷೇಪ ಶಿಕ್ಷಕಿ ತೋರಿಸುವುದರ ಬಗ್ಗೆ. ಅಜ್ಜಿ ಕಲಿಸಿದ ವೃತ್ತವನ್ನು ಮಕ್ಕಳು ಮೊದಲು ಸರಿಯಾಗಿ, ಅಜ್ಜಿ ಒಪ್ಪುವಷ್ಟು ಸರಿಯಾಗಿ ಕಲಿಯಲಿ. ಆಮೇಲೆ ಕೆಲಸ ಕೊಡಿ: ಈ ವೃತ್ತದಲ್ಲಿ ಗುಳೆ ಹೋದವರ ಜಾಗ ಖಾಲಿ ಬಿಟ್ಟು ಕುಣಿಯಿರಿ. ಖಾಲಿ ಜಾಗದ ಪಕ್ಕದಲ್ಲಿರುವವರು ಚಪ್ಪಾಳೆಯನ್ನು ಯಾರಿಗೆ ಕೊಡುತ್ತಾರೆ? ಹತ್ತು ನಿಮಿಷ ಬಿಟ್ಟು ನೋಡಿ, ನಾನೂ ನೀವೂ ಊಹಿಸದ ಏನೋ ಬರುತ್ತದೆ. ಒಂದು ಎಚ್ಚರ ಮಾತ್ರ ಇರಲಿ. ದೀಪಾವಳಿಯಲ್ಲಿ ತಾಂಡಾದ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಮೇರಾ ಎಂಬ ಹಾರೈಕೆಯ ಹಾಡು ಹಾಡುತ್ತಾ ಹೋಗುವ ರೂಢಿ ಇದೆಯಲ್ಲ, ಅಂಥ ಆಚರಣೆಯನ್ನು ಹಿರಿಯರ ಒಪ್ಪಿಗೆ ಇಲ್ಲದೆ ಪ್ರದರ್ಶನಕ್ಕೆ ತರಬೇಡಿ.

ತಾಯಂದಿರ ಭಯಕ್ಕೆ ಕಾರಣವಿದೆ, ಅದನ್ನು ಹಿಂದುಳಿದ ಯೋಚನೆ ಎಂದು ತಳ್ಳಿಹಾಕಬಾರದು. ಬಯಲಿನಲ್ಲಿ ಯಾರ ಮೊಬೈಲೂ ಇರಬಾರದು, ನಿಮ್ಮದೂ ಸೇರಿ. ದಾಖಲೆ ಬೇಕಾದರೆ ಮಕ್ಕಳೇ ಚಿತ್ರ ಬರೆಯಲಿ. ಯಾರು ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಎಂದು ಬಾಣದ ಗುರುತು ಹಾಕಿದ ನಕ್ಷೆ ನೃತ್ಯದವರಿಗೂ ಬೇಕಾಗುತ್ತದೆ. ಮೊದಲ ಎರಡು ತಿಂಗಳು ಹುಡುಗರ ಗುಂಪು, ಹುಡುಗಿಯರ ಗುಂಪು ಬೇರೆಯಾಗಿಯೇ ಇರಲಿ, ಆದರೆ ಒಬ್ಬರದನ್ನು ಒಬ್ಬರು ನೋಡಲಿ. ಮುಟ್ಟುವ ಯಾವ ಕೆಲಸಕ್ಕೂ ಮೊದಲು ಕೇಳಬೇಕು, ಬೇಡ ಎಂದರೆ ಬೇಡವೇ; ಇದು ನಿಮಗೂ ಅನ್ವಯಿಸುತ್ತದೆ, ಮಗುವಿನ ಭುಜ ಹಿಡಿದು ನಿಲ್ಲಿಸುವ ಅಭ್ಯಾಸ ನಮಗೆಲ್ಲ ಇದೆ. ತಾಯಂದಿರು ಬಂದು ಕುಳಿತು ನೋಡಲು ಯಾವತ್ತೂ ಅಡ್ಡಿ ಇರಬಾರದು. ರೊಟ್ಟಿ ಬಡಿಯುವ ಚಲನೆ ಬಂದಾಗ ಅವರು ಸುಮ್ಮನೆ ಕೂರುವುದಿಲ್ಲ, ಮಣಿಕಟ್ಟು ಹಾಗಲ್ಲ ಹೀಗೆ ಎಂದು ಎದ್ದು ಬರುತ್ತಾರೆ. ಸಮುದಾಯ ಒಳಗೆ ಬರುವುದು ಆ ಕ್ಷಣದಲ್ಲಿ.

ಪ್ರದರ್ಶನವನ್ನು ಶಾಲೆಯ ವೇದಿಕೆಯ ಮೇಲೆ ಇಡಬೇಡಿ. ತಾಂಡಾದಲ್ಲಿ ಸೇವಾಲಾಲರ ಗುಡಿಯ ಮುಂದೆ ಬಯಲಿದ್ದರೆ ಅಲ್ಲಿ, ಸಂಜೆ, ನೆಲದ ಮೇಲೆ, ಸುತ್ತಲೂ ಜನ ನಿಂತಿರುವಂತೆ ನಡೆಸಿ. ತಂದೆತಾಯಿ ಗುಳೆ ಹೊರಡುವ ಮೊದಲೇ ಆಗಬೇಕು. ದಿನವನ್ನು ತಾಂಡಾದವರನ್ನು ಕೇಳಿಯೇ ಗೊತ್ತುಮಾಡಿ. ನಲವತ್ತು ಮಕ್ಕಳೂ ಒಳಗಿರಬೇಕು. ಹತ್ತು ನಿಮಿಷ ಸಾಕು.

ಸೆಪ್ಟೆಂಬರಿನಲ್ಲಿ ನನಗೆ ಗಂಗಾವತಿಯ ಕಡೆ ಕೆಲಸವಿದೆ. ನೀವು ಒಪ್ಪಿದರೆ ಒಂದು ಶನಿವಾರ ನಿಮ್ಮಲ್ಲಿಗೆ ಬರುತ್ತೇನೆ. ಕಲಿಸುವುದಿಲ್ಲ, ಮಕ್ಕಳು ಅಷ್ಟರಲ್ಲಿ ಕಟ್ಟಿದ್ದನ್ನು ನೋಡಿ ಅವರಿಗೆ ಒಂದಷ್ಟು ಪ್ರಶ್ನೆ ಕೇಳುತ್ತೇನೆ. ಬಸ್ ನಿಲ್ದಾಣದಿಂದ ಶಾಲೆಗೆ ಬರಲು ಏನು ಅನುಕೂಲ ಇದೆಯೆಂದು ತಿಳಿಸಿ.